ಡೆವನ್‌ಶೈರ್ ಸ್ಟ್ರೀಟ್ ಸ್ಮಶಾನದಿಂದ ಸ್ಥಳಾಂತರಗೊಂಡ ಸಮಾಧಿಯನ್ನು ಹುಡುಕುವ ಕ್ರಮ

ಸಿಡ್ನಿಯ ಸೆಂಟ್ರಲ್ ರೈಲು ನಿಲ್ದಾಣ ಇಂದು ನಿಂತಿರುವ ಜಾಗದಲ್ಲಿ ಹಿಂದೆ ಡೆವನ್‌ಶೈರ್ ಸ್ಟ್ರೀಟ್ ಸ್ಮಶಾನವಿತ್ತು. 1901ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಆ ನೆಲವನ್ನು ನಿಲ್ದಾಣಕ್ಕಾಗಿ ವಶಪಡಿಸಿಕೊಂಡು, ತಮ್ಮವರ ಅವಶೇಷಗಳನ್ನು ಬೇರೆಡೆಗೆ ಒಯ್ಯಬಯಸುವ ಬಂಧುಗಳು ಎರಡು ತಿಂಗಳೊಳಗೆ ಮುಂದೆ ಬರಬೇಕೆಂದು ತಿಳಿಸಿತು. ಹಾಗೆ ಬಂದವರು ರೂಕ್‌ವುಡ್, ವೇವರ್ಲಿ, ಗೋರ್ ಹಿಲ್ ಮೊದಲಾದ ಸ್ಮಶಾನಗಳನ್ನು ಆರಿಸಿಕೊಂಡರು. ಕೇಳುವವರಿಲ್ಲದ ಅವಶೇಷಗಳನ್ನು ಬಾಟನಿ ಬಳಿಯ ಬನ್ನೆರಾಂಗ್‌ಗೆ ಸಾಗಿಸಲಾಯಿತು. ಆದ್ದರಿಂದ ಹುಡುಕಾಟದ ಮುಖ್ಯ ಪ್ರಶ್ನೆ, ಆ ವರ್ಷ ನಿಮ್ಮ ಪೂರ್ವಜರ ಪರವಾಗಿ ಯಾರಾದರೂ ಮುಂದೆ ಬಂದಿದ್ದರೇ ಎಂಬುದು.

ಮೊದಲು ಮರಣದ ವರ್ಷವನ್ನು ಖಚಿತಪಡಿಸಿಕೊಳ್ಳಿ. ಈ ಸ್ಮಶಾನ 1820ರಲ್ಲಿ ಆರಂಭವಾಯಿತು, 1867ರಲ್ಲಿ ರೂಕ್‌ವುಡ್ ತೆರೆದ ಮೇಲೆ ಸಾಮಾನ್ಯ ಬಳಕೆಯಿಂದ ಹೊರಗುಳಿಯಿತು. 1820ಕ್ಕೆ ಮೊದಲೇ ತೀರಿಕೊಂಡವರನ್ನು ಇಲ್ಲಿ ಹುಡುಕಿ ಫಲವಿಲ್ಲ. ಆಗಿನ ಸ್ಮಶಾನ ಇಂದಿನ ಟೌನ್ ಹಾಲ್ ಇರುವ ಕಡೆ ಇತ್ತು. ಸರ್ಕಾರಿ ಮರಣ ನೋಂದಣಿ ಶುರುವಾದದ್ದು 1856ರಲ್ಲಿ. ಅದಕ್ಕೂ ಹಿಂದಿನ ಮರಣಗಳಿಗೆ ಚರ್ಚಿನ ದಾಖಲೆಗಳೇ ಆಧಾರವಾದ್ದರಿಂದ ಕುಟುಂಬ ಯಾವ ಪಂಗಡಕ್ಕೆ ಸೇರಿತ್ತೆಂದು ತಿಳಿದಿರಬೇಕು. ಸ್ಮಶಾನವೂ ಆಂಗ್ಲಿಕನ್, ಕ್ಯಾಥೊಲಿಕ್, ಪ್ರೆಸ್ಬಿಟೇರಿಯನ್, ಯಹೂದಿ, ಕ್ವೇಕರ್ ಮೊದಲಾದ ಪ್ರತ್ಯೇಕ ಭಾಗಗಳಾಗಿ ಹಂಚಿಹೋಗಿತ್ತು.

ಅನಂತರ ನ್ಯೂ ಸೌತ್ ವೇಲ್ಸ್ ರಾಜ್ಯ ಪತ್ರಾಗಾರದಲ್ಲಿರುವ 1901ರ ಮರುಸಂಸ್ಕಾರದ ಸೂಚಿಯನ್ನು ನೋಡಿ. ಇಲ್ಲಿ ಆತುರಪಡಬಾರದು. ಮರಣಕ್ಕೂ ಸ್ಥಳಾಂತರಕ್ಕೂ ನಡುವೆ ಒಂದೆರಡು ತಲೆಮಾರುಗಳೇ ಕಳೆದಿರಬಹುದು, ಅರ್ಜಿ ಸಲ್ಲಿಸಿದವರು ಮದುವೆಯಾಗಿ ಹೆಸರು ಬದಲಾದ ಮಗಳೋ ಮೊಮ್ಮಗಳೋ ಆಗಿರಬಹುದು. ಹಾಗಾಗಿ 1901ರಲ್ಲಿ ಬದುಕಿದ್ದ ವಂಶಸ್ಥರೆಲ್ಲರ ಹೆಸರುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಹೆಸರಿನ ಕಾಗುಣಿತ ಬೇರೆಬೇರೆಯಾಗಿರುವ ಸಾಧ್ಯತೆಯನ್ನೂ ಗಮನಿಸಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಜಾಲತಾಣದಲ್ಲಿ ಹಳೆಯ ಪತ್ರಿಕೆಗಳ ಮರಣವಾರ್ತೆಗಳು ಉಚಿತವಾಗಿ ಸಿಗುತ್ತವೆ.

ಗೋರಿಕಲ್ಲಿನ ಬರಹ ಬೇಕಾದವರಿಗೆ ಫಾಸ್ಟರ್ ದಂಪತಿಯ ಕೆಲಸಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ತೆರವಿಗೆ ಮುನ್ನ ಆರ್ಥರ್ ಮತ್ತು ಜೋಸೆಫೀನ್ ಫಾಸ್ಟರ್ ಕಲ್ಲುಗಳ ಛಾಯಾಚಿತ್ರ ತೆಗೆದು, ಬರಹಗಳನ್ನು ನಕಲು ಮಾಡಿಕೊಂಡರು. ಮರಳುಗಲ್ಲು ಬೇಗ ಸವೆಯುತ್ತದೆ. ಎಷ್ಟೋ ಕಲ್ಲುಗಳು ಈಗ ಉಳಿದೇ ಇಲ್ಲ. ಅವರಿಬ್ಬರು ಆ ಶ್ರಮ ವಹಿಸದಿದ್ದರೆ ಆ ಹೆಸರುಗಳಲ್ಲಿ ಅನೇಕವು ಅಳಿದೇಹೋಗುತ್ತಿದ್ದವು.

ಬನ್ನೆರಾಂಗ್‌ಗೆ ಹೋದ ಕಲ್ಲುಗಳಲ್ಲಿ ಆಯ್ದ 746 ಕಲ್ಲುಗಳು ಅಲ್ಲಿನ ಪಯೊನಿಯರ್ ಸ್ಮಾರಕ ಉದ್ಯಾನದಲ್ಲಿವೆ. ಕಲ್ಲು ಕಂಡಿತೆಂದ ಮಾತ್ರಕ್ಕೆ ಅವಶೇಷಗಳೂ ಅದರ ಕೆಳಗೇ ಇವೆಯೆಂದು ಭಾವಿಸಬೇಡಿ. ತೆರವು ಕೂಡ ಪೂರ್ಣವಾಗಿರಲಿಲ್ಲ: 2019ರಲ್ಲಿ ಮೆಟ್ರೊ ಕಾಮಗಾರಿಯ ವೇಳೆ ನಿಲ್ದಾಣದ ನೆಲದಡಿ ಮಾನವ ಅವಶೇಷಗಳು ದೊರೆತವು. ಆದ್ದರಿಂದ ವಂಶಾವಳಿಯಲ್ಲಿ ಮೊದಲ ಸಮಾಧಿಯ ಸ್ಥಳ, ಅವಶೇಷಗಳನ್ನು ಒಯ್ದ ಸ್ಥಳ, ಕಲ್ಲು ಈಗಿರುವ ಸ್ಥಳ ಇವು ಮೂರನ್ನೂ ಬೇರೆಬೇರೆಯಾಗಿ ದಾಖಲಿಸಿ, ಆಧಾರ ಸಿಗದ ಕಡೆ ಜಾಗವನ್ನು ಖಾಲಿಯೇ ಬಿಡಿ.