ಟ್ರ್ಯಾಕ್ ಬಿಟ್ಟು ಹಾಡಿದ್ದು: ಶಿವಮೊಗ್ಗದಿಂದ ಮಸ್ಕತ್‌ಗೆ, ನನ್ನ ಅನುಭವ

ಕಳೆದ ಚಳಿಗಾಲದಲ್ಲಿ ಮಸ್ಕತ್‌ನ ರೂವಿಯಲ್ಲಿ ಎರಡೂವರೆ ಗಂಟೆ ಹಳೆಯ ಹಿಂದಿ ಹಾಡು ಹಾಡಿದೆವು. ಒಂದೇ ಒಂದು ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯಸಂಗೀತ, ಹಾಕಲಿಲ್ಲ. ಅಕಾರ್ಡಿಯನ್, ಢೋಲಕ್-ತಬಲಾ, ಪಿಟೀಲು ಮೂವರೂ ನಮ್ಮ ಜಿಲ್ಲೆಯವರು. ಬೇಸ್ ಮತ್ತು ರಿದಂ ಗಿಟಾರಿಗೆ ಅಲ್ಲೇ ಕೆಲಸದಲ್ಲಿರುವ ಗೋವಾ, ಕೇರಳದ ಹುಡುಗರು ಬಂದರು. ಖರ್ಚು ಕಳೆದು ಎಲ್ಲರ ಕೈಗೂ ದುಡ್ಡು ಸಿಕ್ಕಿತು. "ಪೆನ್‌ಡ್ರೈವ್‌ನಲ್ಲಿ ಆಗೋ ಕೆಲಸಕ್ಕೆ ಐದು ಜನ ಎಂತಕ್ಕೆ ಅಕ್ಕಾ?" ಎಂದು ವರ್ಷಗಟ್ಟಲೆ ಕೇಳಿದವರೇ ಈಗ ನಮ್ಮ ವಾದ್ಯದವರ ನಂಬರ್ ಕೇಳುತ್ತಿದ್ದಾರೆ. ಹಾಗಾಗಿ ಹೇಗೆ ಮಾಡಿದೆವು ಎಂದು ಬರೆದಿಡುತ್ತಿದ್ದೇನೆ. ಹಾಡುವವರಿಗೆ, ಆರ್ಕೆಸ್ಟ್ರಾ ನಡೆಸುವವರಿಗೆ ಉಪಯೋಗವಾಗಲಿ.

ನನ್ನ ಊರು ತೀರ್ಥಹಳ್ಳಿ ಕಡೆ. ಮದುವೆಯಾಗಿ ಮಸ್ಕತ್‌ಗೆ ಹೋದವಳು ಹದಿನೇಳೋ ಹದಿನೆಂಟೋ ವರ್ಷ ಅಲ್ಲಿದ್ದೆ. ಗಲ್ಫ್‌ನಲ್ಲಿ ಹಿಂದಿ ಹಾಡಿಗೆ ಸೇರುವ ಸಭೆಯೇ ಬೇರೆ. ಮಂಗಳೂರಿನವರು, ಮಲಯಾಳಿಗಳು, ಕಚ್ಛಿ ವ್ಯಾಪಾರಿ ಮನೆತನದವರು, ಪಾಕಿಸ್ತಾನದವರು ಒಟ್ಟಿಗೆ ಕೂತಾಗ ಎಲ್ಲರ ಬಾಯಲ್ಲೂ ಇರುವುದು ರಫಿ, ಲತಾ, ಮುಕೇಶ್ ಹಾಡು. ಮಲಯಾಳಿಗಳ ಓಣಂ, ನಮ್ಮವರ ರಾಜ್ಯೋತ್ಸವ, ಯಾವುದೇ ಇರಲಿ, ಕೊನೆಯ ಒಂದು ಗಂಟೆ ಹಿಂದಿ ಹಾಡಿಗೇ ಮೀಸಲು. ನಾನು ಅಲ್ಲಿ ಹೆಸರು ಮಾಡಿದ್ದೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಚಳಿಗಾಲದಲ್ಲಿ ತಿಂಗಳಿಗೆ ಮೂರು ನಾಲ್ಕು ಕಾರ್ಯಕ್ರಮ, ಒಂದಕ್ಕೆ 60-70 ರಿಯಾಲ್. ಎಲ್ಲವೂ ಟ್ರ್ಯಾಕ್ ಮೇಲೆ.

ತೊಂದರೆ ಶುರುವಾದದ್ದು ಕಂಠದಿಂದ. ಲತಾ ಅವರ ಹಾಡಿನ ಟ್ರ್ಯಾಕ್ ಅವರ ಸ್ಕೇಲ್‌ನಲ್ಲೇ, ಅಂದರೆ ಅವರ ಶ್ರುತಿಯಲ್ಲೇ, ಇರುತ್ತದೆ. ನಲವತ್ತೈದು ದಾಟಿದ ಮೇಲೆ ನನ್ನ ಧ್ವನಿ ಮೂರು ಮನೆ (ಹಾರ್ಮೋನಿಯಂನ ಮೂರು ಸ್ವರಸ್ಥಾನ) ಕೆಳಗೆ ಬಂದು ನಿಂತಿತು. ಸಾಫ್ಟ್‌ವೇರ್‌ನಲ್ಲಿ ಒಂದು ಮನೆ ಇಳಿಸಿದರೆ ಕೇಳುವವರಿಗೆ ಗೊತ್ತಾಗುವುದಿಲ್ಲ. ಮೂರು ಇಳಿಸಿದರೆ ಢೋಲಕ್ ಖಾಲಿ ಡಬ್ಬ ಬಡಿದ ಹಾಗೆ ಕೇಳುತ್ತದೆ, ಪಿಟೀಲುಗಳೆಲ್ಲ ಮಂಕಾಗುತ್ತವೆ. ಇನ್ನು ಆಲಾಪ ಒಂದು ಉಸಿರು ಹೆಚ್ಚು ಬೆಳೆಸೋಣ ಎಂದರೆ ಟ್ರ್ಯಾಕ್ ಕಾಯುವುದಿಲ್ಲ. ಸಭೆ ಒನ್ಸ್ ಮೋರ್ ಎಂದರೆ ಚರಣದಿಂದ ಎತ್ತಿಕೊಳ್ಳಲು ಬರುವುದಿಲ್ಲ. ತಲತ್ ಮಹಮೂದ್ 1956ರಲ್ಲಿ ಪೂರ್ವ ಆಫ್ರಿಕಾಕ್ಕೆ ಹೋಗಿ ಹಾಡಿದ್ದು, ಲತಾ 1974ರಲ್ಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹಾಡಿದ್ದು ಎಲ್ಲ ವಾದ್ಯದವರ ಜೊತೆಗೇ. 1976ರ ಆಗಸ್ಟ್‌ನಲ್ಲಿ ಲತಾ ಜೊತೆ ಅಮೆರಿಕ ಪ್ರವಾಸದಲ್ಲಿದ್ದ ಮುಕೇಶ್ ಡೆಟ್ರಾಯಿಟ್‌ನಲ್ಲಿ ತೀರಿಕೊಂಡಾಗ ಅವರ ಹಾಡುಗಳನ್ನು ಮಗ ನಿತಿನ್ ಹಾಡಿದರು. ಹಾಡುವವರು ಬದಲಾದರೂ ಸಭೆಯನ್ನು ಎತ್ತಿ ನಿಲ್ಲಿಸಬಲ್ಲವರು ಎದುರಿಗೆ ಕೂತ ವಾದ್ಯದವರು ಮಾತ್ರ ಎಂದು ನಾನು ಮೊದಲಿನಿಂದಲೂ ನಂಬಿದ್ದೆ.

2019ರಲ್ಲಿ ನಮ್ಮನೆಯವರ ಕೆಲಸ ಮುಗಿದು ಶಿವಮೊಗ್ಗದ ವಿನೋಬನಗರಕ್ಕೆ ಬಂದು ಕೂತೆವು. ಬಂದ ವರ್ಷವೇ ಮುಂಬೈಯಿಂದ ಒಂದು ಹಳೆಯ ಅಕಾರ್ಡಿಯನ್ ತರಿಸಿದೆ. 45 ಸಾವಿರದ ಹತ್ತಿರ ಆಯಿತು, ರಿಪೇರಿಗೆ ಮತ್ತೊಂದು ಎಂಟು. ಶಂಕರ್-ಜೈಕಿಶನ್ ಹಾಡನ್ನು ಕೀಬೋರ್ಡಿನ ಅಕಾರ್ಡಿಯನ್ ಟೋನ್‌ನಲ್ಲಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ತಿದಿ ಎಳೆಯುವಾಗ ಸ್ವರ ಉಬ್ಬಿ ಇಳಿಯುವುದೇ ಅದರ ಜೀವ. ಸಾಗರದ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗನೊಬ್ಬ ಸಿಕ್ಕ. ಬಲಗೈ ಮೊದಲ ದಿನವೇ ಓಡಿತು, ತಿದಿ ಹಿಡಿತಕ್ಕೆ ಬರಲು ಅರ್ಧ ವರ್ಷ ಹೋಯಿತು.

ಭದ್ರಾವತಿಯ ತಬಲಾದವರು ಭಜನೆಗೆ ನುಡಿಸಿ ಪಳಗಿದವರು. ಖಾಲಿ ಜಾಗ ಕಂಡಲ್ಲೆಲ್ಲ ತುಂಬಿಸುವ ಅಭ್ಯಾಸ. ಶಂಕರ್-ಜೈಕಿಶನ್ ಅವರ ಸಹಾಯಕ ದತ್ತಾರಾಮ್ ಹೆಸರಿನ ಢೋಲಕ್ ನಡೆಯಾದ ದತ್ತಾರಾಮ್ ಠೇಕಾದಲ್ಲಿ ಬಿಡುವ ಪೆಟ್ಟೇ ಮುಖ್ಯ ಎಂದು ಕೂತು ಕೇಳಿಸಬೇಕಾಯಿತು. ಓ.ಪಿ. ನಯ್ಯರ್ ಹಾಡಿನ ಕುದುರೆ ನಡಿಗೆ ಮಾತ್ರ ಅವರಿಗೆ ಒಂದೇ ಸಂಜೆಯಲ್ಲಿ ಬಂತು. ಪಿಟೀಲಿನವರು ದುರ್ಗಿಗುಡಿಯ ಕರ್ನಾಟಕ ಸಂಗೀತದವರು, ನನಗಿಂತ ಹಿರಿಯರು. ಅವರ ತಂತಿ ಸ-ಪ-ಸ-ಪ, ಸಿನಿಮಾ ಹಾಡು ಬರೆದದ್ದು ಪಾಶ್ಚಾತ್ಯ ಶ್ರುತಿಗೆ ಕೂಡಿಸಿದ ಪಿಟೀಲಿಗೆ. "ನನ್ನ ತಂತಿ ಮುಟ್ಟಬೇಡಮ್ಮಾ" ಅಂದರು. ಮುಟ್ಟಲಿಲ್ಲ. ಬದಲಿಗೆ ಪ್ರತಿ ಹಾಡನ್ನೂ ಅವರ ಬೆರಳಿಗೆ ಒಗ್ಗುವ ಸ್ಕೇಲ್‌ಗೆ ಸರಿಸಿದೆವು. ನನಗೆ ಹೇಗೂ ಮೂರು ಮನೆ ಕೆಳಗೆ ಬೇಕಿತ್ತು, ಇಬ್ಬರಿಗೂ ಹೊಂದುವ ಮನೆ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಗಮಕ ಬೇಡವಾದ ಸ್ವರದ ಮೇಲೆ ಕೆಂಪು ಚುಕ್ಕೆ ಇಟ್ಟೆ. ಮೊದಮೊದಲು ಪುಟವೆಲ್ಲ ಕೆಂಪು. ಈಗ ಚುಕ್ಕೆ ಬೇಕಿಲ್ಲ.

ಇನ್ನು ಅಸಲು ಕೆಲಸ. ಸೆಬಾಸ್ಟಿಯನ್ ಡಿಸೋಜಾ ಅಂಥ ಅರೇಂಜರ್ (ಯಾವ ವಾದ್ಯ ಏನು ನುಡಿಸಬೇಕು ಎಂದು ಬರೆಯುವವರು) ದೊಡ್ಡ ಪಿಟೀಲು ಗುಂಪಿಗೆ ಬರೆದದ್ದನ್ನು ಒಂದು ಪಿಟೀಲು, ಒಂದು ಅಕಾರ್ಡಿಯನ್‌ಗೆ ಇಳಿಸಬೇಕು. ಎಲ್ಲವನ್ನೂ ಹಿಡಿಯಲು ಹೋದರೆ ಯಾವುದೂ ಕೇಳುವುದಿಲ್ಲ. ಹಾಡಿನ ಶುರುವಿನ ತುಣುಕನ್ನು ಕೂದಲೆಳೆಯೂ ಬದಲಿಸುವುದಿಲ್ಲ, ಸಭೆ ಹಾಡನ್ನು ಗುರುತಿಸುವುದೇ ಅಲ್ಲಿ. ಎರಡನೇ ಚರಣದ ಮುಂಚಿನ ಬಿಜಿಎಂ, ಅಂದರೆ ಬರೀ ವಾದ್ಯದ ಭಾಗವನ್ನು, ಅರ್ಧಕ್ಕೆ ಇಳಿಸುತ್ತೇವೆ, ಈವರೆಗೆ ಒಬ್ಬರೂ ಕೇಳಿಲ್ಲ. ಹಾಡುವಾಗ ಹಿಂದಿನಿಂದ ಬರುವ ಪಿಟೀಲು ಸಾಲು ಅಕಾರ್ಡಿಯನ್‌ನ ಕೆಳ ಸಪ್ತಕಕ್ಕೆ. ಮದನ್ ಮೋಹನ್ ಹಾಡಿನ ಸಿತಾರ್ ತುಣುಕುಗಳು ಪಿಟೀಲಿಗೆ ಹೋದವು, ಅಲ್ಲಿ ನಮ್ಮ ಹಿರಿಯರ ಗಮಕಕ್ಕೆ ತಡೆಯಿಲ್ಲ. ಎಲ್ಲವನ್ನೂ ಕನ್ನಡದಲ್ಲಿ ಸರಿಗಮ ಹಾಕಿ ಉದ್ದ ಪುಸ್ತಕದಲ್ಲಿ ಬರೆದಿಟ್ಟೆವು, ಗಿಟಾರಿನವರಿಗೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಮಾತ್ರ ಬೇರೆ ಹಾಳೆಯಲ್ಲಿ. ಸುಮಾರು ಮೂವತ್ತು ಹಾಡು ಹೀಗೆ ಸಿದ್ಧವಾದವು. ಮೊದಲ ಮೂರು ಹಾಡು ಯಾವ ಕ್ರಮದಲ್ಲಿ ಬರುತ್ತವೆ, ಅಕಾರ್ಡಿಯನ್‌ಗೆ ಮೈಕ್ ಎಲ್ಲಿ ಇಡುತ್ತೇವೆ ಎಂಬ ಎರಡು ವಿಷಯ ಮಾತ್ರ ಹೇಳುವುದಿಲ್ಲ. ಅದು ನಮ್ಮ ಅನ್ನ.

ದುಡ್ಡಿನ ಕಥೆ ಇಷ್ಟು ಚೆನ್ನಾಗಿರಲಿಲ್ಲ. ಕೊರೋನಾ ಮುಗಿದ ಮೇಲೆ ಶಿವಮೊಗ್ಗದಲ್ಲೇ 300 ರೂಪಾಯಿ ಟಿಕೆಟ್ ಇಟ್ಟು ಮೊದಲ ಕಾರ್ಯಕ್ರಮ ಮಾಡಿದೆವು. 500ರವರೆಗಿನ ಟಿಕೆಟಿಗೆ ಜಿಎಸ್‌ಟಿ ಇಲ್ಲ, ಅಷ್ಟು ಸಮಾಧಾನ. ಹಾಲ್, ಸೌಂಡ್, ಲೈಟ್, ಹಾಡಿನ ಹಕ್ಕುದಾರರ ಸಂಸ್ಥೆ ಐಪಿಆರ್‌ಎಸ್‌ನ ಪರವಾನಗಿ, ಬ್ಯಾನರ್ ಎಲ್ಲ ಸೇರಿ 60 ಸಾವಿರ ದಾಟಿತು. ಜೂನ್ ಕೊನೆಯ ಮಳೆ, ಆರೂವರೆಗೆ ಕರೆಂಟ್ ಹೋಯಿತು, ಬಂದವರು ಎಂಬತ್ತು ತೊಂಬತ್ತು ಜನ. ಕೈಯಿಂದ 35 ಸಾವಿರ ಹೋಯಿತು. ಆದರೆ ಜನರೇಟರ್ ಶುರುವಾಗುವ ತನಕ ಕತ್ತಲಲ್ಲೇ ಮೂರು ಹಾಡು ಹಾಡಿದೆವು, ಮೈಕ್ ಇಲ್ಲದೆ. ಟ್ರ್ಯಾಕ್ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ವರ್ಷದ ಗಣಪತಿ ಪೆಂಡಾಲ್ ಒಂದರಲ್ಲಿ ಡ್ಯಾನ್ಸ್ ಹಾಡು ಬೇಕು ಎಂದು ಗಲಾಟೆಯಾಗಿ, ಆಯೋಜಕರು ಒಪ್ಪಿದ ಹಣದಲ್ಲಿ ಅರ್ಧ ಹಿಡಿದರು. ಇನ್ನೂ ಕೊಟ್ಟಿಲ್ಲ. ವಾದ್ಯದವರಿಗೆ ನಾನು ಪೂರ್ತಿ ಕೊಟ್ಟೆ. ರಿಹರ್ಸಲ್‌ಗೂ ತಲೆಗೆ 500, ಮೇಲೆ ಅವಲಕ್ಕಿ, ಚಹಾ. ಇದನ್ನು ಯಾವತ್ತೂ ತಪ್ಪಿಸಿಲ್ಲ, ಹಾಗಾಗಿ ಯಾರೂ ಬಿಟ್ಟು ಹೋಗಲಿಲ್ಲ.

ಮಳೆಗಾಲದಲ್ಲಿ ಮಾಡಿದ ಇನ್ನೆರಡು ಪ್ರಯೋಗ ಹೇಳಬೇಕು. ಮಲೆನಾಡಿನ ಥಂಡಿಗೆ ಅಕಾರ್ಡಿಯನ್‌ನ ರೀಡ್ (ಸ್ವರ ಹೊರಡಿಸುವ ಲೋಹದ ಪಟ್ಟಿ) ತುಕ್ಕು ಹಿಡಿಯುತ್ತದೆ, ಒಳಗಿನ ಚರ್ಮದ ಪಟ್ಟಿ ಸುರುಟುತ್ತದೆ. ಮರದ ಬೀರುವಿನಲ್ಲಿ ಕೆಳಗಡೆ ಒಂದು 40 ವ್ಯಾಟ್ ಬಲ್ಬ್ ಉರಿಸಿಟ್ಟೆ, ವಾದ್ಯ ಅದಕ್ಕೆ ತಾಗದಂತೆ ಮೇಲಿನ ಹಂತದಲ್ಲಿ. ಎರಡು ಮಳೆಗಾಲ ತುಕ್ಕಿಲ್ಲದೆ ಕಳೆಯಿತು. ಇನ್ನೊಂದು, ಅಣ್ಣನ ಮನೆಯಲ್ಲಿ ಅಡಿಕೆ ಚೀಲ ಒಟ್ಟಿದ ಕೋಣೆಯಲ್ಲಿ ಹಾಡಿ ರೆಕಾರ್ಡ್ ಮಾಡಿದ್ದು. ಗೋಡೆಯ ಗುಂಗು ಎಲ್ಲ ಚೀಲಗಳೇ ಹೀರಿಕೊಂಡವು, ಫೋನ್‌ನಲ್ಲಿ ಹಿಡಿದದ್ದೂ ಸ್ಟುಡಿಯೋದ್ದೆಂದು ನಂಬುವಷ್ಟು ಶುದ್ಧವಾಗಿ ಬಂತು. ಅಣ್ಣ ಚೀಲ ಮಾರಿದ ಮೇಲೆ ಆ ಕೋಣೆ ಕೆಲಸಕ್ಕೆ ಬರಲಿಲ್ಲ. ಆದರೆ ಅಲ್ಲಿ ಹಿಡಿದ ನಾಲ್ಕು ಹಾಡು ಕೇಳಿಯೇ ಮಸ್ಕತ್‌ನ ಹಳೆಯ ಆಯೋಜಕರು ಫೋನ್ ಮಾಡಿದ್ದು.

"ಐದು ವೀಸಾ, ಐದು ಟಿಕೆಟ್ ಆಗಲ್ಲ ಮೇಡಂ" ಅಂದರು. ನಾನು ಕೇಳಿದ್ದು ನಾಲ್ಕು: ನಾನು ಮತ್ತು ಮೂವರು. ಗಿಟಾರಿನವರನ್ನು ಅಲ್ಲೇ ಹುಡುಕಿ ಕಾರ್ಡ್ ಹಾಳೆ ಒಂದು ತಿಂಗಳ ಮುಂಚೆ ಕಳಿಸಿದೆ. ಸರ್ಕಾರದ ಅನುಮತಿ ಆಯೋಜಕರ ಜವಾಬ್ದಾರಿ. ಆಗುಂಬೆ ಘಾಟಿ ಇಳಿದು ಮಂಗಳೂರಿನಿಂದ ವಿಮಾನ. ಅಕಾರ್ಡಿಯನ್ ಹತ್ತು ಕಿಲೋ, ಕೈಯಲ್ಲೇ ಒಯ್ಯಲು ಹೆಚ್ಚಿಗೆ ಕಟ್ಟಿದೆವು. ಲಗೇಜಿಗೆ ಹಾಕಲು ನಾನು ಬಿಡಲಿಲ್ಲ. ಢೋಲಕ್ ಅಲ್ಲೇ ಎರವಲು. ತಬಲಾ ಮಾತ್ರ ನಮ್ಮದು, ಅಲ್ಲಿಯ ಎಸಿಯ ಒಣ ಗಾಳಿಗೆ ಚರ್ಮ ಬಿಗಿದು ಶ್ರುತಿ ಏರಿತು. ಮಧ್ಯಾಹ್ನವೇ ಹಾಲ್‌ಗೆ ಒಯ್ದು ಬಿಚ್ಚಿಟ್ಟು, ಸಂಜೆ ಮತ್ತೆ ಇಳಿಸಿ ಕೂಡಿಸಿದರು. ಅಲ್ಲಿ 2013ರಿಂದ ಶುಕ್ರ-ಶನಿ ರಜೆ, ಗುರುವಾರ ರಾತ್ರಿ ಜನ ನಿಶ್ಚಿಂತೆಯಿಂದ ಕೂರುತ್ತಾರೆ.

ಒಟ್ಟು 1,100 ರಿಯಾಲ್ ಆಸುಪಾಸು ಬಂತು, ನಮ್ಮ ಲೆಕ್ಕದಲ್ಲಿ ಎರಡೂಕಾಲು ಲಕ್ಷದ ಮೇಲೆ. ಟಿಕೆಟ್, ವೀಸಾ, ಊಟ, ವಸತಿ ಅವರದ್ದೇ. ಮೂವರಿಗೆ ತಲಾ 35 ಸಾವಿರ, ಗಿಟಾರಿನವರಿಗೆ ತಲಾ 60 ರಿಯಾಲ್, ರಿಹರ್ಸಲ್ ಮತ್ತು ರಿಪೇರಿ ಸಾಲ ತೀರಿ ನನಗೆ 60-65 ಸಾವಿರ ಉಳಿಯಿತು. ಟ್ರ್ಯಾಕ್ ಮೇಲೆ ಹಾಡುವಾಗ ಒಂದು ರಾತ್ರಿಗೆ ಇದರ ಕಾಲು ಭಾಗವೂ ಸಿಗುತ್ತಿರಲಿಲ್ಲ. ದುಡ್ಡಿಗಿಂತ ಹೆಚ್ಚು ಸಂತೋಷ ಕೊಟ್ಟದ್ದು ಲತಾ ಅವರ ಒಂದು ನಿಧಾನದ ಹಾಡು. ನನ್ನ ಸ್ಕೇಲ್‌ನಲ್ಲಿ ಹಾಡಿದೆ, ಆಲಾಪ ಬೆಳೆಸಿದೆ, ಪಿಟೀಲಿನವರು ಕಣ್ಣು ನನ್ನ ಮೇಲಿಟ್ಟು ಕಾದರು. ಸಭೆ ಕೇಳಿದಾಗ ಚರಣದಿಂದಲೇ ಮತ್ತೆ ಎತ್ತಿಕೊಂಡೆವು.

ಬರುವ ಚಳಿಗಾಲಕ್ಕೆ ಬಹ್ರೇನ್ ಮತ್ತು ಮಸ್ಕತ್ ಎರಡೂ ಕಡೆ ಮಾತಾಗಿದೆ. ಶಿವಮೊಗ್ಗದಲ್ಲಿ ಅದಕ್ಕೂ ಮುಂಚೆ, ಮಳೆ ನಿಂತ ಮೇಲೆ, ಒಂದು ಟಿಕೆಟ್ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಮ್ಯಾಂಡೊಲಿನ್ ಒಂದು ಸೇರಿಸಬೇಕು ಎಂದಿದೆ. ಶಿವಮೊಗ್ಗ, ಭದ್ರಾವತಿ, ಸಾಗರದ ಕಡೆ ನುಡಿಸುವವರಿದ್ದರೆ ಗುರುವಾರ ಸಂಜೆಯ ರಿಹರ್ಸಲ್‌ಗೆ ಬನ್ನಿ. ಸರಿಗಮ ಓದಲು ಬಂದರೆ ಸಾಕು, ತಲೆಗೆ 500 ಮೊದಲ ದಿನದಿಂದಲೇ.