ಮೆತ್ತಿನ ಮೇಲೊಂದು ಲ್ಯಾಬ್: ಊರಲ್ಲೇ ಕೂತು ಲಿನಕ್ಸ್ ಪರೀಕ್ಷೆಗೆ ತಯಾರಾಗುವುದು

"ಯಾವ ಸರ್ಟಿಫಿಕೇಟ್ ಮಾಡಿರೆ ಕೆಲ್ಸ ಸಿಗ್ತು ಅಕ್ಕಾ?" ಊರಿನ ಮಾಣಿಯಂದಿರು, ಕೂಸುಗಳು (ಹುಡುಗ ಹುಡುಗಿಯರು) ಕೇಳುವ ಮೊದಲ ಪ್ರಶ್ನೆ ಇದು. ನಾನು ಶಿರಸಿ ತಾಲೂಕಿನ ಹಳ್ಳಿಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದರ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ, ಹೊಸಬರನ್ನು ಆರಿಸುವ ಸಂದರ್ಶನಗಳಲ್ಲೂ ಕೂರುತ್ತೇನೆ. ಹಾಗಾಗಿ ಅವರಿಗೆ ನಾನು ಮೊದಲು ಹೇಳುವುದು ಇಷ್ಟು: ಪರೀಕ್ಷೆಗೆ ದುಡ್ಡು ಕಟ್ಟುವ ಮೊದಲು ನಿನ್ನದೇ ಒಂದು ಸರ್ವರ್ ಕಟ್ಟು. ಮನೆಯವರು ದಿನಾ ಬಳಸುವಂಥದ್ದು ಕಟ್ಟು. ಅದನ್ನು ಕೆಡಿಸು, ಸರಿಮಾಡು. ಆಮೇಲೆ ಪರೀಕ್ಷೆ.

ಯಾವ ಪರೀಕ್ಷೆ ಅನ್ನುವುದು ಯಾವ ಕೆಲಸ ಅನ್ನುವುದರ ಮೇಲೆ ಹೋಗುತ್ತದೆ. ಸರ್ವರ್ ನಿರ್ವಹಣೆ ಇಷ್ಟವಾದರೆ ಲಿನಕ್ಸ್ (ವಿಂಡೋಸ್‌ನಂಥ ಒಂದು ಆಪರೇಟಿಂಗ್ ಸಿಸ್ಟಮ್) ಕಂಪನಿಯಾದ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ, ನೆಟ್‌ವರ್ಕ್ ಆದರೆ ಸಿಸ್ಕೋದ ಸಿಸಿಎನ್‌ಎ, ಕ್ಲೌಡ್ (ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್‌ಗಳು) ಆದರೆ ಅಮೆಜಾನ್ ಅಥವಾ ಮೈಕ್ರೋಸಾಫ್ಟ್‌ನವು. ಬೇಕಾದ ಹುದ್ದೆಯ ಹತ್ತಾರು ಜಾಹೀರಾತು ತೆರೆದು, ಪದೇಪದೇ ಬರುವ ಹೆಸರುಗಳನ್ನು ಬರೆದುಕೊಂಡರೆ ಉತ್ತರ ಅಲ್ಲೇ ಸಿಗುತ್ತದೆ.

ನಾನು ಮೊದಲು ತೋರಿಸುವುದು ಆರ್‌ಎಚ್‌ಸಿಎಸ್‌ಎ. ಅದರಲ್ಲಿ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪ್ರಶ್ನೆಗಳೇ ಇಲ್ಲ. ಮೂರು ಗಂಟೆ ಕಾಲ ನಿಜವಾದ ಲಿನಕ್ಸ್ ಯಂತ್ರದ ಮುಂದೆ ಕೂರಿಸಿ ಕೆಲಸ ಕೊಡುತ್ತಾರೆ: ಮರೆತ ರೂಟ್ (ಮುಖ್ಯ ನಿರ್ವಾಹಕರ ಖಾತೆ) ಪಾಸ್‌ವರ್ಡ್ ಬದಲಿಸು, ಡಿಸ್ಕ್ ಹಿಗ್ಗಿಸು, ಬಳಕೆದಾರರನ್ನು ಸೇರಿಸು. 300ಕ್ಕೆ 210 ಬಂದರೆ ಪಾಸು. ಇಂಟರ್ನೆಟ್ ಇರುವುದಿಲ್ಲ, ಯಂತ್ರದೊಳಗಿನ ಮ್ಯಾನ್ ಪುಟಗಳು, ಅಂದರೆ ಆಜ್ಞೆಗಳ ಕೈಪಿಡಿ, ಅಷ್ಟೇ ಆಸರೆ. ಮಾಡಿದ್ದೆಲ್ಲ ಯಂತ್ರ ರೀಬೂಟ್ ಆದ ಮೇಲೂ ಉಳಿದಿರಬೇಕು, ಇಲ್ಲದಿದ್ದರೆ ಅಂಕವಿಲ್ಲ. ಉರುಹೊಡೆದು ಇದನ್ನು ದಾಟಲು ಆಗುವುದಿಲ್ಲ, ಅದಕ್ಕೇ ನನಗೆ ಈ ಪರೀಕ್ಷೆಯ ಮೇಲೆ ಅಷ್ಟು ಗೌರವ.

ಲ್ಯಾಬ್‌ಗೆ ಖರ್ಚಿಲ್ಲ. 8 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪ್ ಸಾಕು. ಒಂದು ಕಂಪ್ಯೂಟರಿನೊಳಗೆ ಇನ್ನೊಂದು 'ವರ್ಚುವಲ್' ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಉಚಿತ. ಅದರೊಳಗೆ ಹಾಕಲು ಆಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್, ಎರಡೂ ರೆಡ್ ಹ್ಯಾಟ್ ಲಿನಕ್ಸ್‌ಗೆ ಹೊಂದುವ ಉಚಿತ ವ್ಯವಸ್ಥೆಗಳು. ಅಸಲಿ ರೆಡ್ ಹ್ಯಾಟ್ ಲಿನಕ್ಸೇ ಬೇಕೆಂದರೆ ಡೆವಲಪರ್ ಖಾತೆ ತೆರೆದು, ಸ್ವಂತ ಬಳಕೆಗೆ 16 ಯಂತ್ರಗಳವರೆಗೆ ಉಚಿತವಾಗಿ ಹಾಕಿಕೊಳ್ಳಬಹುದು. ಪರೀಕ್ಷೆ ಯಾವ ಆವೃತ್ತಿಯ ಮೇಲಿದೆ ಎಂದು ನೋಡಿಯೇ ಇಳಿಸಿಕೊಳ್ಳಿ. 9ನೇ ಆವೃತ್ತಿ ಬಂದದ್ದು 2022ರಲ್ಲಿ, 10ನೆಯದು 2025ರಲ್ಲಿ. 10ನೆಯದು ತೀರಾ ಹಳೆಯ ಪ್ರೊಸೆಸರ್‌ಗಳ ಮೇಲೆ ಓಡುವುದಿಲ್ಲ. ಅಂಥ ಯಂತ್ರಗಳಿಗಾಗಿಯೇ ಆಲ್ಮಾಲಿನಕ್ಸ್ ಬೇರೆ ಪ್ರತಿ ಕೊಡುತ್ತದೆ. ಪೂರ್ತಿ ಡಿವಿಡಿಯ ಫೈಲು ಹಲವು ಜಿಬಿ ಇರುತ್ತದೆ. ಹಳ್ಳಿಯಲ್ಲಿ ನೆಟ್ ನಿಧಾನವಾದರೆ ಶಿರಸಿ ಪೇಟೆಯ ನೆಂಟರ ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತನ್ನಿ.

ವರ್ಚುವಲ್ ಯಂತ್ರಕ್ಕೆ 2 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್ ಕೊಡಿ. ಜೊತೆಗೆ 5 ಜಿಬಿಯ ಇನ್ನೊಂದು ಖಾಲಿ ಡಿಸ್ಕ್ ಸೇರಿಸಿ, ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ, ಹಿಗ್ಗಿಸುವ ವಿಧಾನ) ಅಭ್ಯಾಸಕ್ಕೆ ಅದು ಬೇಕೇಬೇಕು. ವರ್ಚುವಲ್‌ಬಾಕ್ಸ್‌ನ ನೆಟ್‌ವರ್ಕ್ ಆಯ್ಕೆಯನ್ನು ಬ್ರಿಡ್ಜ್ ಮಾಡಿ, ಆಗ ಮನೆಯ ವೈಫೈನಲ್ಲಿರುವ ಎಲ್ಲರ ಫೋನಿಗೂ ಆ ಯಂತ್ರ ಕಾಣುತ್ತದೆ. ಎಲ್ಲ ಸರಿಯಾಗಿ ಓಡುವಾಗ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ, ಏನು ಕೆಟ್ಟರೂ ಯಂತ್ರವನ್ನು ಆ ಸ್ಥಿತಿಗೆ ಮರಳಿಸಬಹುದು.

ಈಗ ಕೆಲಸ. ಪುಸ್ತಕದ ಅಭ್ಯಾಸಪಾಠಗಳಲ್ಲಿ ಬರುವ ಕಂಪನಿಗಳು ಯಾರದೂ ಅಲ್ಲ, ಅವು ತಪ್ಪಿದರೆ ಯಾರಿಗೂ ನೋವಿಲ್ಲ. ನಮ್ಮ ಕಡೆ ಪ್ರತಿ ಮನೆಯಲ್ಲೂ ಇರುವ ಲೆಕ್ಕವೆಂದರೆ ಅಡಿಕೆಯದು. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು: ಒಂದೊಂದಕ್ಕೂ ಬೇರೆ ದರ, ಬೇರೆ ತೂಕ, ಬೇರೆ ದಿನದ ವ್ಯಾಪಾರ. ಮರಿಯಾಡಿಬಿ ಎಂಬ ಡೇಟಾಬೇಸ್ ತಂತ್ರಾಂಶ ಹಾಕಿ, ದಿನಾಂಕ, ನಮೂನೆ, ತೂಕ, ದರ ಎಂಬ ನಾಲ್ಕು ಅಂಕಣಗಳ ಕೋಷ್ಟಕ ಮಾಡಿ. ವೆಬ್ ಪುಟ ಒದಗಿಸುವ ಅಪಾಚೆ ತಂತ್ರಾಂಶದ ಮೂಲಕ ಒಂದು ಸಾದಾ ಪುಟದಲ್ಲಿ ಅದನ್ನು ತೋರಿಸಿ. ಡೇಟಾಬೇಸ್ ಈ ಪರೀಕ್ಷೆಯ ಪಠ್ಯದಲ್ಲಿಲ್ಲ ನಿಜ. ಆದರೆ ಅದರ ಸುತ್ತ ಮಾಡಬೇಕಾದದ್ದರಲ್ಲಿ ಹೆಚ್ಚಿನದು ಪಠ್ಯದಲ್ಲಿದೆ. ಯಂತ್ರದ ಮೇಲೆ ಮನೆಮಂದಿಗೆಲ್ಲ ಒಂದೊಂದು ಖಾತೆ, ಒಂದು ಗುಂಪು: ಲೆಕ್ಕದ ಕಡತಗಳನ್ನು ಅಪ್ಪಯ್ಯ ಓದಬಹುದು, ತಂಗಿ ತಿದ್ದಬಹುದು, ಉಳಿದವರಿಗೆ ಬಾಗಿಲು ಮುಚ್ಚಿರಬೇಕು. ಎರಡನೇ ಡಿಸ್ಕ್ ಮೇಲೆ ಎಲ್‌ವಿಎಂ ವಾಲ್ಯೂಮ್ ಮಾಡಿ, ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸುವ ಕ್ರಾನ್ ಮೂಲಕ ರಾತ್ರಿ ಅಲ್ಲಿಗೆ ಬ್ಯಾಕಪ್ ಹೋಗುವಂತೆ ಮಾಡಿ. ಫೈರ್‌ವಾಲ್‌ನಲ್ಲಿ ಬೇಕಾದ ಪೋರ್ಟ್ (ಸೇವೆಯೊಂದು ಬಳಸುವ ಬಾಗಿಲಿನ ಸಂಖ್ಯೆ) ಮಾತ್ರ ತೆರೆಯಿರಿ. ಆಯಿ ಫೋನಿನಲ್ಲಿ ಪುಟ ತೆರೆದು "ಹೋದ ವರ್ಷದ ಚಾಲಿ ರೇಟ್ ಎಲ್ಲಿದ್ದು?" ಎಂದು ಕೇಳಿದ ದಿನ ನಿಮಗೊಬ್ಬ ನಿಜವಾದ ಬಳಕೆದಾರರು ಸಿಕ್ಕಿದರು ಎಂದುಕೊಳ್ಳಿ.

ಆಮೇಲೆ ಬೇಕೆಂದೇ ಕೆಡಿಸಬೇಕು. ಪ್ರತಿಸಲವೂ ಮೊದಲು ಸ್ನ್ಯಾಪ್‌ಶಾಟ್.

ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲು ತಪ್ಪಾಗಿ ಬರೆದು ರೀಬೂಟ್ ಮಾಡಿ. ಯಂತ್ರ ಪೂರ್ತಿ ಏಳದೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ರೂಟ್ ಪಾಸ್‌ವರ್ಡ್ ಕೊಟ್ಟು ಒಳಹೋಗಿ ಸಾಲು ಸರಿಮಾಡುವುದು ಕೈಗೆ ಬರಬೇಕು. ಆ ಕಡತ ಮುಟ್ಟಿದ ಮೇಲೆಲ್ಲ, ರೀಬೂಟ್‌ಗೆ ಮೊದಲು 'ಮೌಂಟ್ ಮೈನಸ್ ಎ' (mount -a) ಆಜ್ಞೆ ಓಡಿಸಿ ತಪ್ಪಿದೆಯೇ ನೋಡುವ ಅಭ್ಯಾಸ ಆಗಿಬಿಟ್ಟರೆ ಪರೀಕ್ಷೆಯಲ್ಲೂ ನೌಕರಿಯಲ್ಲೂ ಕಾಯುತ್ತದೆ.

ಇನ್ನು ಎಸ್‌ಇಲಿನಕ್ಸ್: ಕಡತ, ಪೋರ್ಟ್‌ಗಳಿಗೆ ಲೇಬಲ್ ಅಂಟಿಸಿ, ಯಾವ ಸೇವೆ ಯಾವುದನ್ನು ಮುಟ್ಟಬಹುದು ಎಂದು ಕಾಯುವ ಭದ್ರತಾ ಪದರ. ಹೆಚ್ಚಿನವರು ಸೋಲುವುದು ಇಲ್ಲಿ. ಅಪಾಚೆಯನ್ನು 80ರ ಬದಲು 82ನೇ ಪೋರ್ಟ್‌ಗೆ ಬದಲಿಸಿ ನೋಡಿ, ಸೇವೆ ಶುರುವೇ ಆಗುವುದಿಲ್ಲ. ವೆಬ್ ಪುಟವನ್ನು ಹೋಮ್ ಡೈರೆಕ್ಟರಿಯಲ್ಲಿ ಬರೆದು ವೆಬ್ ಫೋಲ್ಡರ್‌ಗೆ ಮೂವ್ ಮಾಡಿ ನೋಡಿ, ಕಡತದ ಅನುಮತಿಗಳೆಲ್ಲ ಸರಿಯಿದ್ದರೂ 403 (ಅನುಮತಿಯಿಲ್ಲ) ಎಂದು ಬರುತ್ತದೆ. ಮೂವ್ ಮಾಡಿದ ಕಡತ ತನ್ನ ಹಳೇ ಲೇಬಲ್ ಹೊತ್ತೇ ಬಂದಿರುತ್ತದೆ. ಅಪಾಚೆಗೆ ಆ ಲೇಬಲ್ ಇರುವುದನ್ನು ಓದಲು ಅಪ್ಪಣೆಯಿಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ಎಸ್‌ಇಲಿನಕ್ಸ್ ಅನ್ನೇ ಆಫ್ ಮಾಡಿಬಿಡಿ ಎಂಬ ಸಲಹೆ ಧಾರಾಳ ಸಿಗುತ್ತದೆ. ದಯವಿಟ್ಟು ಕೇಳಬೇಡಿ. ಲೇಬಲ್ ಸರಿಮಾಡಲು ಪೋರ್ಟ್‌ಗೆ ಸೆಮ್ಯಾನೇಜ್ ಆಜ್ಞೆ, ಕಡತಕ್ಕೆ ರಿಸ್ಟೋರ್‌ಕಾನ್ ಆಜ್ಞೆ: ತಲಾ ಒಂದು ಸಾಲಿನ ಕೆಲಸ. ಸಂದರ್ಶನದಲ್ಲಿ ನಾನು ಕೇಳುವುದೂ ಇದನ್ನೇ: ಅನುಮತಿಗಳೆಲ್ಲ ಸರಿಯಿದ್ದರೂ 403 ಬಂದರೆ ಏನು ನೋಡುತ್ತೀರಿ? ಲೇಬಲ್ ನೋಡಬೇಕು ಎಂದು ಹೇಳುವ ಹುಡುಗಿ ಯಾವ ಊರಿನವಳು, ಯಾವ ಕಾಲೇಜು ಎಂದು ನನಗೆ ಆಮೇಲೆ ನೆನಪಿರುವುದೇ ಇಲ್ಲ. ಅವಳು ಬೇಕು, ಅಷ್ಟೇ.

ಕದ್ದ ಪ್ರಶ್ನೆಗಳ 'ಡಂಪ್' ಮಾರುವವರು ವಾಟ್ಸ್‌ಆ್ಯಪ್‌ನಲ್ಲೇ ಬರುತ್ತಾರೆ. ಅದನ್ನು ಕೊಳ್ಳಬೇಡಿ. ಪರೀಕ್ಷೆಗೆ ಒಪ್ಪಿ ಸಹಿ ಹಾಕುವ ಕರಾರಿಗೆ ಅದು ವಿರುದ್ಧ, ಸಿಕ್ಕಿಬಿದ್ದರೆ ಪಡೆದ ಸರ್ಟಿಫಿಕೇಟ್ ರದ್ದಾಗುತ್ತದೆ. ಅಪ್ಪ ತೋಟದ ದುಡ್ಡಿನಲ್ಲಿ ಕಟ್ಟಿದ ಶುಲ್ಕ ಅದು ಎನ್ನುವುದೂ ನೆನಪಿರಲಿ.

ಕ್ಲೌಡ್ ಕಡೆ ಹೋಗುವವರಿಗೆ: ಅಮೆಜಾನ್‌ನ ಮೊದಲ ಹಂತ ಕ್ಲೌಡ್ ಪ್ರಾಕ್ಟೀಷನರ್. 90 ನಿಮಿಷ, 65 ಪ್ರಶ್ನೆ, 1000ಕ್ಕೆ 700 ಬೇಕು, ಶುಲ್ಕ 100 ಡಾಲರ್ ಮತ್ತು ತೆರಿಗೆ. ಆ 65ರಲ್ಲಿ 15ಕ್ಕೆ ಅಂಕವೇ ಇಲ್ಲ, ಅವು ಯಾವುವೆಂದು ತಿಳಿಯುವುದೂ ಇಲ್ಲ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮುಖ್ಯವಾದ ಮಾತು: ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷ್‌ನಲ್ಲಿ ಬರೆದರೆ ಅಮೆಜಾನ್ 30 ನಿಮಿಷ ಹೆಚ್ಚು ಕೊಡುತ್ತದೆ. ಆದರೆ ಪರೀಕ್ಷೆಯ ದಿನ ಗೊತ್ತುಮಾಡುವ ಮೊದಲೇ ಖಾತೆಯಲ್ಲಿ ಅರ್ಜಿ ಹಾಕಿರಬೇಕು, ಆಮೇಲೆ ಕೇಳಿದರೆ ಆ ಪರೀಕ್ಷೆಗೆ ಸಿಗದು. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಪ್ರತಿಯೊಬ್ಬರೂ ತೆಗೆದುಕೊಳ್ಳಿ.

ಮನೆಯಿಂದ ಪರೀಕ್ಷೆ ಬರೆಯುವುದಾದರೆ ಕಾಲ ನೋಡಿ ದಿನ ಹಿಡಿಯಬೇಕು. ಆರಿದ್ರಾ, ಪುನರ್ವಸು ಮಳೆಯಲ್ಲಿ ಬೇಡವೇ ಬೇಡ. ತಗಡಿನ ಮಾಡಿನ ಮೇಲೆ ಮಳೆ ಹೊಯ್ದರೆ ಪಕ್ಕದಲ್ಲಿ ಯಾರೋ ಮಾತಾಡುತ್ತಿದ್ದಾರೋ ಇಲ್ಲವೋ ಎಂದು ಮೈಕಿನಲ್ಲಿ ಕೇಳುತ್ತಿರುವ ಪರೀಕ್ಷೆಯ ಮೇಲ್ವಿಚಾರಕರಿಗೆ ತಿಳಿಯುವುದಿಲ್ಲ, ಮರ ಬಿದ್ದು ಕರೆಂಟೂ ಫೈಬರ್ ತಂತಿಯೂ ಒಟ್ಟಿಗೇ ಹೋಗುತ್ತವೆ. ಕೊನೆಕೊಯ್ಲಿನಲ್ಲಿ ಮನೆತುಂಬ ಜನ, ಅಡಿಕೆ ಸುಲಿಯುವ ಗಲಾಟೆ. ಫೆಬ್ರುವರಿ ಕೊನೆಯಿಂದ ಮೇ ನಡುವೆ ಒಂದು ಬೆಳಿಗ್ಗೆ ಒಳ್ಳೆಯದು. ಮಳೆಗಾಲದಲ್ಲೇ ಬರೆಯಬೇಕಾಗಿ ಬಂದರೆ ಪರೀಕ್ಷಾ ಕೇಂದ್ರ ಇರುವ ಊರಿಗೆ ಹಿಂದಿನ ದಿನವೇ ಹೋಗಿ ಉಳಿಯಿರಿ.

ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ ಎಂದು ಸಮಾಧಾನಪಟ್ಟರೆ ಸಾಲದು, ರೌಟರ್ ಇನ್ವರ್ಟರ್ ಸಾಲಿನಲ್ಲಿದೆಯೇ ನೋಡಿ. ಕಂಪನಿಯ ಲ್ಯಾಪ್‌ಟಾಪ್ ಬೇಡ, ಅದರ ವಿಪಿಎನ್, ಫೈರ್‌ವಾಲ್ ಅಡ್ಡ ಬರುತ್ತವೆ. ಯಂತ್ರ, ನೆಟ್ ಪರೀಕ್ಷೆಗೆ ಹೊಂದುತ್ತವೆಯೇ ಎಂದು ನೋಡುವ ಸಿಸ್ಟಮ್ ಟೆಸ್ಟ್ ಅನ್ನು ಅದೇ ಕೋಣೆಯಲ್ಲಿ, ಅದೇ ವೈಫೈನಲ್ಲಿ, ಪರೀಕ್ಷೆ ಬರೆಯುವ ಹೊತ್ತಿಗೇ ಮಾಡಿ. ಮೇಜಿನ ಮೇಲೆ ಏನೂ ಇರಬಾರದು, ಫೋನು ಕೈಗೆಟುಕಬಾರದು, ಪ್ರಶ್ನೆಯನ್ನು ತುಟಿ ಅಲ್ಲಾಡಿಸಿ ಓದಿಕೊಂಡರೂ ಎಚ್ಚರಿಕೆ ಬರುತ್ತದೆ. ಕೋಣೆಗೆ ಬೇರೆಯವರು ಕಾಲಿಟ್ಟರೆ ಪರೀಕ್ಷೆಯನ್ನೇ ನಿಲ್ಲಿಸಬಹುದು. "ಆಸ್ರಿಗೆ (ಕುಡಿಯಲು) ಎಂತ ಬೇಕು?" ಎಂದು ಆಯಿ ಪ್ರೀತಿಯಿಂದ ಬಾಗಿಲು ತೆರೆಯದಂತೆ ಮೊದಲೇ ಹೇಳಿಡಿ. ಮೆತ್ತಿನ (ಮಹಡಿಯ) ಮೇಲೆ ಚಿಲಕವಿರುವ ಕೋಣೆಯೇ ಉತ್ತಮ. ಆರ್‌ಎಚ್‌ಸಿಎಸ್‌ಎ ಅನ್ನು ಮನೆಯಿಂದ ಬರೆಯುವವರು ಯುಎಸ್‌ಬಿಯಿಂದ ಬೇರೆಯೇ ವ್ಯವಸ್ಥೆ ಬೂಟ್ ಮಾಡಬೇಕಾಗುತ್ತದೆ, ಅದನ್ನು ವಾರ ಮೊದಲೇ ಮಾಡಿ ನೋಡಿ.

ಪಾಸಾದ ಮೇಲೆ ಅವಧಿ ಬರೆದಿಟ್ಟುಕೊಳ್ಳಿ. ರೆಡ್ ಹ್ಯಾಟ್, ಅಮೆಜಾನ್ ಎರಡೂ ಮೂರು ವರ್ಷ. ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಹಂತದವು ಒಂದೇ ವರ್ಷ, ಆದರೆ ನವೀಕರಣ ಉಚಿತ, ಮನೆಯಲ್ಲೇ ಆನ್‌ಲೈನ್. ಅಮೆಜಾನ್ ಪಾಸಾದವರಿಗೆ ಮುಂದಿನ ಪರೀಕ್ಷೆಗೆ ಅರ್ಧ ಶುಲ್ಕದ ಕೂಪನ್ ಕೊಡುತ್ತದೆ. ಅದಕ್ಕಾಗಿ ಆತುರಪಟ್ಟು ಇನ್ನೊಂದನ್ನು ಹಿಡಿಯಬೇಡಿ. ಅರ್ಜಿಯಲ್ಲಿ ಸರ್ಟಿಫಿಕೇಟ್ ಹೆಸರಿನ ಕೆಳಗೇ ಅಡಿಕೆ ಲೆಕ್ಕದ ಸರ್ವರ್ ಬಗ್ಗೆ ಎರಡು ಸಾಲು ಬರೆಯಿರಿ: ಏನು ಕಟ್ಟಿದಿರಿ, ಯಾರು ಬಳಸುತ್ತಾರೆ, ಬ್ಯಾಕಪ್‌ನಿಂದ ಮರಳಿ ತಂದು ಪರೀಕ್ಷಿಸಿದ್ದು ಯಾವಾಗ. ಅರ್ಜಿ ನನ್ನ ಮೇಜಿಗೆ ಬಂದರೆ ನಾನು ಮೊದಲು ಓದುವುದು ಆ ಎರಡು ಸಾಲನ್ನೇ.