ಒಂಟೆಯ ಮೂಳೆಯ ಮೇಲೆ ದರ್ವೇಶ್ ಖಾನ್

ಆನೆಯ ದಂತದ ತೆಳು ಹಾಳೆಯ ಮೇಲೆ ಬರೆಯದೆ ಹದಿನೆಂಟನೆಯ ಶತಮಾನದ ಯುರೋಪಿನ ಪುಟ್ಟ ಭಾವಚಿತ್ರಗಳ (ಮಿನಿಯೇಚರ್) ಮೈಬಣ್ಣ ಬರುವುದೇ ಇಲ್ಲವೆಂದು ಓರಗೆಯ ಕಲಾವಿದರು ನನಗೆ ಹೇಳುತ್ತಲೇ ಇದ್ದರು. ದಂತದ ವ್ಯಾಪಾರಕ್ಕೆ ನಿಷೇಧವಿದೆ, ಅದು ಇರಬೇಕಾದದ್ದೇ. ಆದರೂ ಟಿಪ್ಪು ಸುಲ್ತಾನನ ರಾಯಭಾರಿ ಮುಹಮ್ಮದ್ ದರ್ವೇಶ್ ಖಾನ್ ಇಂದು 7 ಸೆಂಟಿಮೀಟರಿನ ಒಂಟೆ ಮೂಳೆಯ ಮೇಲೆ ನನ್ನ ಮೇಜಿನಲ್ಲಿ ನಿಂತಿದ್ದಾನೆ.

1788ರ ಆಗಸ್ಟ್‌ನಲ್ಲಿ ವರ್ಸೇಲ್ಸ್‌ನಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡ ಮೈಸೂರಿನ ಮೂವರು ದೂತರಲ್ಲಿ ಈತನೊಬ್ಬ. ಫ್ರಾನ್ಸಿನ ಚಿತ್ರಕಾರ್ತಿ ಎಲಿಜಬೆತ್ ವಿಜೀ ಲ ಬ್ರನ್ ಅದೇ ವರ್ಷ ಬರೆದ ಆಳೆತ್ತರದ ತೈಲಚಿತ್ರದಲ್ಲಿ ಇವನು ಚಿನ್ನದ ಹೂಗಳ ಬಿಳಿ ಮಸ್ಲಿನ್ ನಿಲುವಂಗಿ ತೊಟ್ಟಿದ್ದಾನೆ. ಆ ಬಿಳುಪಿಗೆ ಬಣ್ಣ ಹಚ್ಚದೆ ಮೂಳೆಯನ್ನೇ ಬಿಟ್ಟರೆ ಸಾಕೆಂದು ಹೊಳೆದದ್ದರಿಂದಲೇ ನಾನು ಈ ಚಿತ್ರವನ್ನು ಆರಿಸಿಕೊಂಡೆ.

ಮೊದಲು ಕೃತಕ ದಂತದ ಪ್ಲಾಸ್ಟಿಕ್ ಹಾಳೆ ತಂದೆ. ನೀರುಬಣ್ಣ ಅದರ ಮೇಲೆ ಹನಿಹನಿಯಾಗಿ ಒಡೆಯಿತು. ಆಮೇಲೆ ಮೂಳೆಗೆ ಬಂದೆ. ತಗಡೊಂದಕ್ಕೆ ಸುಮಾರು 250 ರೂಪಾಯಿ, ಹಾಳಾದವು ಹನ್ನೊಂದೋ ಹನ್ನೆರಡೋ. ಕೆಲವು ತೆಳುವಾಗಿ ಉಜ್ಜುವಾಗ ಸೀಳಿದವು. ಉಳಿದವುಗಳಲ್ಲಿ ಜಿಡ್ಡು ಪೂರ್ತಿ ಹೋಗದೆ, ಕೆನ್ನೆಯ ಮೇಲೆ ಇಟ್ಟ ಚುಕ್ಕೆ ಎರಡನೆಯ ಸುತ್ತಿಗೇ ಎದ್ದು ಬಂತು. ಮಳೆಗಾಲದಲ್ಲಿ ಬಣ್ಣ ಕಲೆಸುವ ಗೋಂದಿಗೆ ಜೇನು ಹೆಚ್ಚು ಬೆರೆಸಿದ ತಪ್ಪಿಗೆ, ಮುಗಿಯಲು ಬಂದಿದ್ದ ಒಂದು ಮುಖಕ್ಕೆ ಬೂಷ್ಟು ಹಿಡಿಯಿತು. ಆ ನಷ್ಟ ನನ್ನನ್ನು ಬಹಳ ದಿನ ಕಾಡಿತು. ಈಗ ಜೇನಿನ ಬದಲು ಕಲ್ಲುಸಕ್ಕರೆ ಬಳಸುತ್ತೇನೆ. ಜಿಡ್ಡು ತೆಗೆಯಲು ಏನು ಬಳಸುತ್ತೇನೆ ಎಂಬುದನ್ನು ಮಾತ್ರ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ನಿಲುವಂಗಿಯ ಹೂಗಳನ್ನು ಮೈಸೂರು ಶೈಲಿಯ ಗೆಸ್ಸೊ ಎಂಬ ಉಬ್ಬು ಲೇಪದಲ್ಲಿ ಎಬ್ಬಿಸಿ ನೋಡಿದೆ. ಈ ಅಳತೆಯಲ್ಲಿ ಅವು ಮಸ್ಲಿನ್ನಿನ ಹಗುರವನ್ನೇ ಕೊಂದವು. ಕೆರೆದು, ಚಿನ್ನದ ಪುಡಿಯನ್ನು ಗೋಂದಿನಲ್ಲಿ ಕಲೆಸಿ ಕೂದಲೆಳೆಯ ಕುಂಚದಲ್ಲಿ ಇಟ್ಟೆ. ಮಡಿಕೆಗಳ ನೆರಳಿಗೆ ನೀಲಿ ಮತ್ತು ಅಂಬರ್ ಎಂಬ ಕಂದು ಮಣ್ಣುಬಣ್ಣ ಬೆರೆಸಿದ ಬೂದು ಸಾಕಾಯಿತು. ಆದರೂ ಮುಖ ಮಂಕಾಗಿತ್ತು. ಹಳೆಯ ಕಲಾವಿದರು ದಂತದ ಹಿಂಬದಿಗೆ ಬೆಳ್ಳಿಯ ರೇಕು ಇಡುತ್ತಿದ್ದುದು ನೆನಪಾಗಿ, ಮೂಳೆಯನ್ನು ಇನ್ನಷ್ಟು ಸವೆಸಿ, ಮುಖದ ಹಿಂದೆ ಮಾತ್ರ ರೇಕು ಅಂಟಿಸಿದೆ. ಬೆಳಕು ಒಳಗಿನಿಂದ ಬಂದಂತಾಯಿತು. ಸಾಧ್ಯವಿಲ್ಲವೆಂದಿದ್ದವರಲ್ಲಿ ಇಬ್ಬರು ಬಂದು ಭೂತಗನ್ನಡಿ ಹಿಡಿದು ನೋಡಿ, ಇದು ದಂತವಲ್ಲವೇ ಎಂದು ಕೇಳಿದರು.

ಒಂದು ಪ್ರತಿಗೆ ಸುಮಾರು ಐದು ವಾರ ಹಿಡಿಯುತ್ತದೆ. ಎರಡನೆಯದು 18 ಸಾವಿರಕ್ಕೆ ಹೋಯಿತು. ಹಾಳಾದ ತಗಡು, ಚಿನ್ನ, ಬೆಳ್ಳಿಯ ಖರ್ಚೆಲ್ಲ ಅದರಲ್ಲೇ ಹುಟ್ಟಿತು. ಚೌಕಟ್ಟು ಕಟ್ಟುವಾಗ ಗಾಜು ಬಣ್ಣಕ್ಕೆ ತಾಗದಂತೆ ಅಂಚಿನಲ್ಲಿ ಕೂದಲಿನಷ್ಟು ಅಂತರ ಬಿಡುತ್ತೇನೆ, ತೇವವಿರುವ ದಿನ ಚೌಕಟ್ಟನ್ನು ಮುಚ್ಚುವುದಿಲ್ಲ.